ಕತ್ತರಿಯಕ್ಕನ ನಿದ್ದೆ

"ಅಕ್ಕಾ, ಇವೆಲ್ಲ ಎಡಗಡೆಯವೇ ಇವೆಯಲ್ಲ. ಬಲಗಡೆ ಕಟ್ಟು ಎಲ್ಲಿ?"

ಕೇಳಿದವಳು ಬಟ್ಟೆ ಕಾರ್ಖಾನೆಯ ಮೂರನೇ ಸಾಲಿನಲ್ಲಿ ಹೊಲಿಯುವ ಕನ್ನಡಕದವಳು. ವಯಸ್ಸಿನಲ್ಲಿ ಐದು ವರ್ಷ ದೊಡ್ಡವಳಾದರೂ ಕತ್ತರಿಗೆ ಮರ್ಯಾದೆ ಕೊಟ್ಟು ಅಕ್ಕಾ ಎನ್ನುತ್ತಿದ್ದಳು. ಅವಳ ಮಾತಿನಲ್ಲಿ ತಪ್ಪು ಹಿಡಿದ ಸಂತೋಷವೇನೂ ಇರಲಿಲ್ಲ, ಪಾಪ. ಕಟ್ಟು ಬಿಚ್ಚಿದಳು, ಕಂಡದ್ದನ್ನು ಕೇಳಿದಳು, ಅಷ್ಟೆ. ಆದರೆ ಕಟಿಂಗ್ ಟೇಬಲ್ಲಿನ ಮುಂದೆ ನಿಂತಿದ್ದ ಕತ್ತರಿಯಕ್ಕ ಗಾಬರಿಯಿಂದ ಬಂದು ಕಟ್ಟಿನ ತುಂಡುಗಳನ್ನು ಒಂದೊಂದಾಗಿ ತಿರುವಿ ನೋಡಿದಳು.

ಬಲಗಡೆ ಕಟ್ಟು ಇದ್ದರೆ ತಾನೇ ಸಿಗುವುದು! ಬಟ್ಟೆಗೂ ಮುಖ ಇರುತ್ತದೆ, ಬೆನ್ನು ಇರುತ್ತದೆ. ಮುಖಕ್ಕೆ ಮುಖ ಕೂಡಿಸಿ ಹಾಸಿದರೆ ಒಂದೇ ಗುರುತಿನಲ್ಲಿ ಅಂಗಿಯ ಎಡವೂ ಬರುತ್ತದೆ, ಬಲವೂ ಬರುತ್ತದೆ. ಎಲ್ಲ ಪದರಗಳನ್ನೂ ಮುಖ ಮೇಲೆ ಮಾಡಿ ಹಾಸಿದರೆ ಎಡಕ್ಕೊಂದು ಗುರುತು, ಬಲಕ್ಕೊಂದು ಗುರುತು ಬೇರೆ ಬೇರೆ ಹಾಕಬೇಕು. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ಇಪ್ಪತ್ತಮೂರು ವರ್ಷದಿಂದ ಹೇಳಿಕೊಡುತ್ತಿದ್ದವಳೂ ಅವಳೇ. ಈಗ ಅವಳೇ ಆಸ್ಪತ್ರೆಯ ಕೋಟಿನ ಬಟ್ಟೆಯನ್ನು ಮುಖ ಮೇಲೆ ಮಾಡಿ ಹಾಸಿಸಿ, ಒಂದೇ ಗುರುತು ಹಾಕಿ, ಮಶೀನು ಓಡಿಸಿಬಿಟ್ಟಿದ್ದಳು. ನೂರಿಪ್ಪತ್ತು ಕೋಟು, ಎಲ್ಲಕ್ಕೂ ಎಡಗಡೆಯ ಎದೆ ಮಾತ್ರ. ತಿರುಗಿಸಿ ಹೊಲಿಯೋಣವೆಂದರೆ ಬೆನ್ನು ಮಂಕು, ಮುಖ ಹೊಳಪು.

ಮಾಲೀಕ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಚಡ್ಡಿ ಹಾಕಿಕೊಂಡು ಆ ಟೇಬಲ್ಲಿನ ಕೆಳಗೆ ಆಡಿಕೊಂಡಿದ್ದ ಕಾಲದಿಂದ ಅವಳು ಅಲ್ಲಿದ್ದವಳು. ಅವನ ಅಪ್ಪ ಕೆಲಸಕ್ಕಿಟ್ಟುಕೊಂಡವಳು. ತನ್ನ ಗಾಜಿನ ಕೋಣೆಗೆ ಕರೆದು ಕುರ್ಚಿ ಎಳೆದುಕೊಟ್ಟ.

"ಅಕ್ಕಾ, ಎರಡು ತಿಂಗಳಲ್ಲಿ ಇದು ಮೂರನೇದು."

"ಗೊತ್ತಪ್ಪ."

"ಮೊದಲು ತೋಳು ಚಿಕ್ಕದಾಯ್ತು. ಆಮೇಲೆ ಕಾಲರ್. ಈಗ ಇದು. ನಾನು ಒಬ್ಬರು ಹೊಸ ಕಟಿಂಗ್ ಮಾಸ್ಟರಿಗೆ ಹೇಳಿದೀನಿ, ಒಂದನೇ ತಾರೀಖಿಂದ ಬರ್ತಾರೆ. ನೀವು ದಾರ ತೆಗೆಯೋ ಕಡೆ ಕೂತ್ಕೊಂಡುಬಿಡಿ. ಸಂಬಳ ಕಡಿಮೆ ಮಾಡಲ್ಲ. ಆರಾಮಾಗಿರುತ್ತೆ."

ಆರಾಮಂತೆ! ಹೊಲಿದು ಮುಗಿದ ಬಟ್ಟೆಯ ತುದಿಯಲ್ಲಿ ಜೋತುಬಿದ್ದ ದಾರವನ್ನು ಬೆರಳುದ್ದದ ಕತ್ತರಿಯಿಂದ ಕಚಕ್ ಕಚಕ್ ಎನ್ನಿಸುವ ಕೆಲಸ. ಅಲ್ಲಿ ಕೂರುವುದು ಕಣ್ಣು ಸಾಗದವರು, ಕೈ ನಡುಗುವವರು. ಸಂಬಳ ಬಂದರೂ ಮಾನ ಹೋಗುತ್ತದೆ. ಅವಳು ಬಿಡಲಿಲ್ಲ.

"ಒಂದನೇ ತಾರೀಖಿಗೆ ಇನ್ನೂ ಮೂರು ವಾರ ಇದೆ. ಹೋಟೆಲಿನವರ ಪಟ್ಟೆ ಬಟ್ಟೆ ಬರೋದೂ ಅವತ್ತೇ ತಾನೇ? ಅದನ್ನ ನಾನು ಕತ್ತರಿಸ್ತೀನಿ. ಅದರಲ್ಲಿ ಒಂದು ಪಟ್ಟೆ ಆಚೆ ಈಚೆ ಆದ್ರೆ, ನಾನೇ ಎದ್ದು ಹೋಗಿ ದಾರದ ಕಡೆ ಕೂರ್ತೀನಿ. ನೀನು ಹೇಳೋದೂ ಬೇಡ."

ಮಾಲೀಕ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಆಯ್ತು," ಎಂದ.

ಹೊರಗೆ ಬಂದಾಗ ಕನ್ನಡಕದವಳು ಕೈ ಹಿಡಿದು ಶೌಚಾಲಯದ ಕಡೆಗೆ ಎಳೆದುಕೊಂಡು ಹೋದಳು. "ನಿನಗೇನಾಗಿದೆ ಹೇಳು. ಮಧ್ಯಾಹ್ನ ಬಟ್ಟೆ ಸುರುಳಿ ಹಿಂದೆ ಮಲಗಿರ್ತೀಯ. ದಿನಕ್ಕೆ ಏಳು ಲೋಟ ಟೀ ಕುಡೀತೀಯ. ಮುಟ್ಟು ನಿಂತಿದೆಯಾ?"

ಏಕವಚನಕ್ಕೆ ಇಳಿದಿದ್ದಳು ಎಂದರೆ ಮಾತು ಗಂಭೀರವಾಗಿದೆ ಎಂದೇ ಅರ್ಥ. ಕತ್ತರಿಯಕ್ಕ ಹೂಂ ಎಂದಳು. ಹತ್ತು ತಿಂಗಳಿಂದ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಇದೇನು ಹೇಳಿಕೊಳ್ಳುವ ಕಾಯಿಲೆಯೇ? ಎಲ್ಲ ಹೆಂಗಸರಿಗೂ ಬರುವುದು, ಬಂದು ಹೋಗುವುದು ಎಂದುಕೊಂಡಿದ್ದಳು. ಬರುವುದೇನೋ ಬಂದಿತ್ತು, ಹೋಗುವ ಲಕ್ಷಣವೇ ಕಾಣುತ್ತಿರಲಿಲ್ಲ.

"ನಂಗೂ ಆಗಿತ್ತು ಕಣೇ ಮಾರಾಯ್ತಿ. ನಾನಂತೂ ಚಳಿಗಾಲದಲ್ಲಿ ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ಸ್ಟೂಲ್ ಹಾಕ್ಕೊಂಡು ಕೂತಿದ್ದೀನಿ. ಮನೆಯವರೆಲ್ಲ ಕದ್ದು ತಿಂತಾಳೆ ಅಂದ್ಕೊಂಡ್ರು. ನಾಳೆ ನನ್ನ ಜೊತೆ ಡಾಕ್ಟರ ಹತ್ತಿರ ಬಾ, ಸುಮ್ಮನೆ."

ಡಾಕ್ಟರು ಮಗಳ ವಯಸ್ಸಿನವರು. ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ಎಲ್ಲ ಕೇಳಿದರು. ಎಷ್ಟು ಹೊತ್ತಿಗೆ ಮಲಗುತ್ತೀರಿ? ಎಂಟೂವರೆಗೆ, ಹಿಂದಿನ ರಾತ್ರಿಯ ಬಾಕಿ ನಿದ್ದೆ ಹಿಡಿಯಲು. ಎಷ್ಟು ಹೊತ್ತಿಗೆ ನಿದ್ದೆ ಬರುತ್ತದೆ? ಬಂದರೆ ತಾನೇ ಹೇಳುವುದು! ಎಚ್ಚರವಾದಾಗ ಏನು ಮಾಡುತ್ತೀರಿ? ಗಡಿಯಾರ ನೋಡುತ್ತೇನೆ, ಇನ್ನು ನಾಲ್ಕು ಗಂಟೆ ಉಳಿಯಿತು, ಮೂರು ಗಂಟೆ ಉಳಿಯಿತು ಎಂದು ಲೆಕ್ಕ ಹಾಕುತ್ತೇನೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ಅವಳಿಗೆ ನಿದ್ದೆಯೇ ಚಿಂತೆಯಾಗಿ ಕೂತಿತ್ತು.

"ಗಡಿಯಾರ ಕೋಣೆಯಿಂದ ಆಚೆ ಹಾಕಿ," ಎಂದರು ಡಾಕ್ಟರು. "ಎಂಟೂವರೆಗೆ ಮಲಗೋದು ಬೇಡ, ಹತ್ತೂವರೆ ಆಗಲಿ. ಏಳೋದು ಮಾತ್ರ ದಿನಾ ಆರೂವರೆಗೇ, ಭಾನುವಾರಾನೂ ಅಷ್ಟೇ. ಮಧ್ಯಾಹ್ನದ ನಿದ್ದೆ ಬಂದ್. ಊಟದ ಹೊತ್ತಾದ ಮೇಲೆ ಟೀ ಬಂದ್. ರಾತ್ರಿ ನಿದ್ದೆ ಬರಲಿಲ್ಲವಾ, ಹೊರಳಾಡಬೇಡಿ. ಎದ್ದು ಬೇರೆ ಕಡೆ ಸಣ್ಣ ಬೆಳಕಲ್ಲಿ ಕೂತಿರಿ, ಕಣ್ಣು ಎಳೆದಾಗ ಹೋಗಿ ಮಲಗಿ. ಕಿಟಕಿ ತೆಗೆದಿರಿ. ತೆಳ್ಳಗಿನ ಹತ್ತಿ ಹೊದಿಕೆ, ನಿಮ್ಮದು ನಿಮಗೇ ಬೇರೆ. ಮೊದಲನೇ ವಾರ ಇನ್ನೂ ಕಷ್ಟ ಅನ್ನಿಸುತ್ತೆ, ಬಿಡಬೇಡಿ. ಮೂರು ವಾರ ಬಿಟ್ಟು ಬನ್ನಿ. ಆಗಲೂ ಆಗಲಿಲ್ಲ ಅಂದ್ರೆ ಔಷಧಿ ಇದೆ. ಸಹಿಸ್ಕೊಂಡೇ ಇರಬೇಕು ಅಂತ ಏನೂ ಇಲ್ಲ."

ಕೊನೆಯ ಮಾತು ಕೇಳಿ ಅವಳಿಗೆ ಅಳು ಬಂತು. ಹತ್ತು ತಿಂಗಳಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ, ಹೇಳುವುದೆಲ್ಲಿಂದ ಬಂತು.

ಎಲ್ಲ ಸರಿ, ಹೊದಿಕೆಯದೇ ತಾಪತ್ರಯ. ಅವಳ ಗಂಡ ಶಾಲೆಯ ಬಸ್ಸು ಓಡಿಸುವವನು, ಒಳ್ಳೆಯವನು. ಆದರೆ ಚಳಿ ಎಂದರೆ ಪ್ರಾಣಭಯ. ಬೇಸಿಗೆಯಲ್ಲೂ ಕಾಲುಚೀಲ ಹಾಕಿ, ಕಿಟಕಿಯ ಚಿಲಕವನ್ನು ಎರಡೆರಡು ಸಲ ಎಳೆದು ನೋಡಿ ಮಲಗುವ ಜಾತಿ. ಮದುವೆಯಾದಾಗ ಅತ್ತೆ ಕೊಟ್ಟ ಹತ್ತಿ ತುಂಬಿದ ರಜಾಯಿಯೊಂದಿತ್ತು. ಮಂಚದ ಎರಡೂ ಕಡೆ ನೆಲಕ್ಕೆ ತಾಕುವಷ್ಟು ಅಗಲ. ಮೂವತ್ತು ವರ್ಷದಿಂದ ಇಬ್ಬರಿಗೂ ಅದೇ. ಅಂದು ರಾತ್ರಿ ಅವಳು ತನ್ನದೇ ಒಂದು ತೆಳು ಹೊದಿಕೆ ಕೊಡವುವುದನ್ನು ಕಂಡು ಅವನ ಮುಖ ಸಣ್ಣದಾಯಿತು.

"ಬೇರೆ ಹೊದಿಕೆ ಯಾಕೆ? ನಾನೇನಾದ್ರೂ ಅಂದ್ನಾ?"

"ನೀವೇನೂ ಅಂದಿಲ್ಲ ರೀ."

"ಮತ್ತೆ ಮೂವತ್ತು ವರ್ಷದಿಂದ ಇಲ್ಲದ್ದು ಈಗ? ಸಿಟ್ಟಿದ್ರೆ ಬೈದುಬಿಡು. ಹೀಗೆ ಬೇರೆ ಮಾಡಬೇಡ ಕಣೇ."

ಅವಳು ಮಂಚದ ಮೇಲೆ ಕುಳಿತಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ರಾತ್ರಿ ಇದ್ದಕ್ಕಿದ್ದಂಗೆ ಮೈ ಕೆಂಡ ಆಗುತ್ತೆ ರೀ. ಎದೆಯಿಂದ ಶುರುವಾಗಿ ಕತ್ತು, ಕಿವಿ, ನೆತ್ತಿ. ಬೆವರಲ್ಲಿ ತೊಯ್ದುಹೋಗ್ತೀನಿ. ಅದು ಆರಿದ ಮೇಲೆ ನಡುಕ. ರಾತ್ರಿಗೆ ನಾಲ್ಕು ಸಲ, ಐದು ಸಲ. ಹತ್ತು ತಿಂಗಳಾಯ್ತು. ಅದಕ್ಕೇ ನಂಗೆ ಬುದ್ಧಿ ನೆಟ್ಟಗಿಲ್ಲ, ಅದಕ್ಕೇ ಕೆಲಸದಲ್ಲಿ ಮುಖಭಂಗ ಆಯ್ತು."

"ಹತ್ತು ತಿಂಗಳು! ನನ್ನ ಪಕ್ಕದಲ್ಲೇ?"

"ನಿಮ್ಮ ಪಕ್ಕದಲ್ಲೇ. ನೀವು ಗೊರಕೆ ಹೊಡೀತಿದ್ರಿ."

ಗಂಡ ಹಣೆ ಚಚ್ಚಿಕೊಂಡ. "ಇಂಜಿನ್ ಬಿಸಿಯಾದ್ರೆ ಬಾನೆಟ್ ಎತ್ತಿ ಗಾಳಿ ಆಡಿಸಬೇಕು. ನಾನು ನೋಡಿದ್ರೆ ಹತ್ತು ತಿಂಗಳಿಂದ ಅದರ ಮೇಲೆ ರಜಾಯಿ ಹೊದಿಸ್ತಾ ಬಂದಿದೀನಲ್ಲೇ!" ಎದ್ದು ಹೋಗಿ ತನ್ನ ಕೈಯಿಂದಲೇ ಕಿಟಕಿ ತೆಗೆದ. ತೆಗೆದು, ಉಣ್ಣೆಯ ಟೋಪಿ ಹುಡುಕಿಕೊಂಡು ಬಂದು ಕಿವಿ ಮುಚ್ಚುವಂತೆ ಹಾಕಿಕೊಂಡ. ಅವಳಿಗೆ ಬಹಳ ದಿನಗಳ ಮೇಲೆ ನಗು ಬಂತು.

ಆದರೆ ಕೈಗೆ ಹೇಳಿದ ಬುದ್ಧಿ ನಿದ್ದೆಯಲ್ಲಿ ಎಲ್ಲಿ ಉಳಿಯುತ್ತದೆ? ನಡುರಾತ್ರಿ ಹೊರಳಿದಾಗಲೆಲ್ಲ ಅವನ ಕೈ ತಾನಾಗಿ ರಜಾಯಿ ಎಳೆದು ಅವಳ ಮೈಮೇಲೆ ಹಾಕುತ್ತಿತ್ತು. ಪ್ರೀತಿಯೋ ಅಭ್ಯಾಸವೋ, ಮೂವತ್ತು ವರ್ಷದ ಮೇಲೆ ಎರಡನ್ನೂ ಬೇರೆ ಮಾಡುವುದು ಕಷ್ಟ. ನಾಲ್ಕು ರಾತ್ರಿ ಅವಳು ರಜಾಯಿ ಒದ್ದಳು, ನಾಲ್ಕು ರಾತ್ರಿಯೂ ಅದು ಮರಳಿ ಬಂತು. ಭಾನುವಾರ ಗಂಡ ಬಸ್ಸು ತೊಳೆಯಲು ಹೋದಾಗ ಅವಳು ರಜಾಯಿಯನ್ನು ನಡುಮನೆಯಲ್ಲಿ ಹಾಸಿ, ಅಳತೆಪಟ್ಟಿ ಎಳೆದು, ಒಬ್ಬ ಗಂಡಸಿಗೆ ಎಷ್ಟು ಅಗಲ ಬೇಕೋ ಅಷ್ಟಕ್ಕೆ ಸೀಮೆಸುಣ್ಣದ ಗೆರೆ ಹೊಡೆದಳು. ಅಂಚಿನ ಹೊಲಿಗೆಗೆ ಕತ್ತರಿಯ ತುದಿ ಹಾಕಿದ್ದಳಷ್ಟೆ, ಬಾಗಿಲಲ್ಲಿ ಅತ್ತೆ ನಿಂತಿದ್ದರು.

ಅತ್ತೆಗೆ ಎಂಬತ್ತೊಂದು. ಐವತ್ತೊಂದರ ಸೊಸೆಯನ್ನು ಈಗಲೂ ಹುಡುಗಿ ಎಂದೇ ಕರೆಯುವುದು.

"ಹುಡುಗೀ! ನನ್ನ ರಜಾಯಿಗೆ ಕತ್ತರಿ ಹಾಕ್ತಿದೀಯಾ? ನಾನಿನ್ನೂ ಬದುಕಿದೀನಿ, ಕಣ್ಣು ಕಾಣುತ್ತೆ!"

"ಅತ್ತೆ, ಕೋಪ ಮಾಡ್ಕೋಬೇಡಿ. ನಂಗೆ ನಿದ್ದೆ ಇಲ್ಲ. ಮುಟ್ಟು ನಿಂತಾಗಿಂದ ರಾತ್ರಿಯೆಲ್ಲ ಮೈ ಉರಿಯುತ್ತೆ. ಇದು ಮೈಮೇಲೆ ಬಿತ್ತು ಅಂದ್ರೆ ಜೀವ ಹೋದಂಗಾಗುತ್ತೆ. ನಿದ್ದೆ ಇಲ್ಲದೆ ಕೆಲಸವೇ ಹೋಗೋ ಹಾಗಿದೆ."

ಅತ್ತೆ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದು ರಜಾಯಿಯ ಪಕ್ಕ ಕಾಲು ಚಾಚಿ ಕುಳಿತರು.

"ಕೊಡು ಇಲ್ಲಿ. ಹಾಗೆ ಎಳೆದ್ರೆ ಅದು ಬಿಚ್ಚಲ್ಲ, ಗಂಟು ಒಳಗಡೆ ಇದೆ. ಇದನ್ನ ಯಾವಾಗ ಹೊಲಿದೆ ಗೊತ್ತಾ?"

"ನಮ್ಮ ಮದುವೆಗೆ."

"ಕೊಟ್ಟಿದ್ದು ಮದುವೆಗೆ. ಹೊಲಿದದ್ದು ಅದಕ್ಕೆ ಹಿಂದಿನ ಎರಡು ವರ್ಷ, ರಾತ್ರಿ ಹೊತ್ತು. ನಿದ್ದೆ ಬರ್ತಿರಲಿಲ್ಲ ಕಣೇ. ಇದೇ ಉರಿ, ಇದೇ ಬೆವರು. ಯಾರಿಗೆ ಹೇಳೋದು? ಎದ್ದು ದೀಪ ಹಚ್ಕೊಂಡು ಹೊಲೀತಾ ಕೂರ್ತಿದ್ದೆ. ನಿನ್ನ ಮಾವ ಕಂಡಕಂಡವರ ಹತ್ರ ಹೇಳ್ಕೊಂಡು ಬಂದ್ರು, ನಮ್ಮವಳು ಎಂಥ ಕಷ್ಟಜೀವಿ, ರಾತ್ರಿಯೆಲ್ಲ ದುಡೀತಾಳೆ ಅಂತ. ಕಷ್ಟಜೀವಿಯಂತೆ!"

ಸೊಸೆ ರಜಾಯಿಯನ್ನು ನೋಡಿದಳು. ಬೆರಳಷ್ಟು ಬೆರಳಷ್ಟು ದೂರಕ್ಕೊಂದು ಸಾಲು ಹೊಲಿಗೆ. ಎಷ್ಟು ರಾತ್ರಿಗಳೋ.

"ಆಮೇಲೆ ನೀನು ಬಂದೆ," ಎಂದರು ಅತ್ತೆ, ಗಂಟು ಬಿಚ್ಚುತ್ತಾ. "ಇಪ್ಪತ್ತೊಂದು ವರ್ಷದವಳು. ತಲೆ ದಿಂಬಿಗೆ ಸೋಕಿದ್ರೆ ಸಾಕು, ನಿದ್ದೆ. ನೋಡಿ ಹೊಟ್ಟೆ ಉರ್ಕೊಂಡೆ. ಅದಕ್ಕೇ ಐದಕ್ಕೆಲ್ಲ ಬಾಗಿಲು ಬಡಿದು ಎಬ್ಬಿಸ್ತಿದ್ದೆ. ಅಷ್ಟು ಹೊತ್ತಿಗೆ ಕೆಲಸ ಏನೂ ಇರ್ತಿರಲಿಲ್ಲ."

"ಅತ್ತೇ! ಆಗ ಮನಸ್ಸಲ್ಲೇ ನಿಮ್ಮನ್ನ ಎಷ್ಟು ಬೈದಿದೀನಿ ಗೊತ್ತಾ?"

"ಗೊತ್ತು. ಮುಖದಲ್ಲೇ ಬರೆದಿರ್ತಿತ್ತು."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಅತ್ತೆ. ಸೊಸೆ ಕಣ್ಣೊರೆಸಿಕೊಂಡು ನಕ್ಕಳು. ಸಿಟ್ಟು ಬರಬೇಕಿತ್ತು, ನ್ಯಾಯವಾಗಿ. ಎಷ್ಟೊಂದು ಬೆಳಗಿನ ನಿದ್ದೆ ತಿಂದುಹಾಕಿದ ಮುದುಕಿ! ಆದರೆ ಆ ಹೊಲಿಗೆಗಳ ಮುಂದೆ ಕುಳಿತು ಸಿಟ್ಟು ಮಾಡುವುದಕ್ಕೆ ಆಗಲಿಲ್ಲ. ಊಟದ ಹೊತ್ತಿಗೆ ರಜಾಯಿ ಮೂರರಲ್ಲಿ ಎರಡು ಪಾಲಿನಷ್ಟಾಯಿತು. ಉಳಿದ ಪಾಲಿಗೆ ಅತ್ತೆಯೇ ಅಂಚು ಕಟ್ಟಿ, ತಮ್ಮ ಮೊಣಕಾಲಿಗೆಂದು ಎತ್ತಿಕೊಂಡು ಹೋದರು. ಗಂಡ ಬಂದು ನೋಡಿ, "ಓಹೋ, ನನಗೂ ಅಳತೆಗೆ ತಕ್ಕ ಬಟ್ಟೆ ಹೊಲಿದ್ರಾ!" ಎಂದ.

ಹಾಗೆಂದು ಅಂದೇ ರಾತ್ರಿ ನಿದ್ದೆ ಓಡಿಬಂದು ತಬ್ಬಿಕೊಂಡಿತು ಎಂದುಕೊಳ್ಳಬೇಡಿ. ಡಾಕ್ಟರು ಹೇಳಿದಂತೆ ಮೊದಲ ವಾರ ನರಕ. ಹತ್ತೂವರೆವರೆಗೆ ಎಚ್ಚರವಿರುವುದೇ ಒಂದು ಶಿಕ್ಷೆ; ಮಧ್ಯಾಹ್ನ ಟೀ ಇಲ್ಲದೆ ತಲೆ ಸಿಡಿಯುತ್ತಿತ್ತು. ಬಟ್ಟೆ ಸುರುಳಿಗಳು ಬಾ ಬಾ ಎಂದು ಕರೆಯುತ್ತಿದ್ದವು. ಅವಳು ಅತ್ತ ಹೋಗದ ಹಾಗೆ ಕನ್ನಡಕದವಳು ಊಟವಾದ ಕೂಡಲೇ ಕೈ ಹಿಡಿದು ಕಾರ್ಖಾನೆಯ ಸುತ್ತ ಎರಡು ಸುತ್ತು ನಡೆಸುತ್ತಿದ್ದಳು. ರಾತ್ರಿ ಎಚ್ಚರವಾದರೆ ಎದ್ದು ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಎರಡನೆಯ ವಾರದ ನಡುವೆ ಒಂದು ದಿನ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬೆಳಕು. ಬೆವರು ಬಂದಿತ್ತು, ಬಟ್ಟೆ ಒದ್ದೆಯಾಗಿತ್ತು. ಆದರೂ ತೆಳು ಹೊದಿಕೆ ಸರಿಸಿ ಮತ್ತೆ ಮಲಗಿದ್ದು ಅವಳಿಗೇ ನೆನಪಿರಲಿಲ್ಲ. ಅವಳು ಎದ್ದು ಕುಳಿತು, ಗೆದ್ದವಳ ಹಾಗೆ ಗಂಡನ ಬೆನ್ನಿಗೆ ಗುದ್ದಿದಳು.

"ರೀ, ನಾನು ಮಲಗಿದ್ದೆ!"

"ನಾನೂ ಮಲಗಿದ್ದೆ ಮಾರಾಯ್ತಿ," ಎಂದ ಅವನು ಟೋಪಿಯೊಳಗಿಂದ.

ಒಂದನೇ ತಾರೀಖು ಬಂತು. ಹೊಸ ಮಾಸ್ಟರೂ ಬಂದ. ಮೂವತ್ತರ ಹುಡುಗ, ಚುರುಕು, ಮಾತಿನಲ್ಲಿ ವಿನಯ. ಅವಳು ಒಳಗೆ ಕಾಲಿಡುವಾಗ ಪಟ್ಟೆ ಬಟ್ಟೆ ಆಗಲೇ ಟೇಬಲ್ಲಿನ ಮೇಲಿತ್ತು. ಅವನೇ ನಿಂತು ಅರವತ್ತು ಪದರ ಹಾಸಿಸಿದ್ದ. ಅಂಚಿಗೆ ಅಂಚು ಒಂದು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಹೋಟೆಲಿನ ನೌಕರರ ಕೋಟಿನ ಬಟ್ಟೆ: ಅಗಲವಾದ ನೀಲಿ ಪಟ್ಟೆ, ಅದರ ಪಕ್ಕ ಎಳೆಯಂಥ ಕೆಂಪು ಪಟ್ಟೆ, ಆಮೇಲೆ ಬಿಳಿ. ಜೇಬಿನ ಪಟ್ಟೆ ಎದೆಯ ಪಟ್ಟೆಗೆ ಕೂಡಬೇಕು, ಇಲ್ಲದಿದ್ದರೆ ಕೋಟು ತೇಪೆ ಹಾಕಿದ ಹಾಗೆ ಕಾಣುತ್ತದೆ.

"ಎಲ್ಲ ಸಿದ್ಧ ಇದೆ ಅಕ್ಕ. ಗುರುತು ಹಾಕಿ, ಓಡಿಸಿ," ಎಂದ ಮಾಲೀಕ. ಹೊಲಿಯುವವರೆಲ್ಲ ಕೆಲಸ ಮಾಡುತ್ತಿರುವಂತೆ ನಟಿಸುತ್ತ ಇತ್ತಲೇ ನೋಡುತ್ತಿದ್ದರು.

ಎರಡು ತಿಂಗಳ ಹಿಂದಾಗಿದ್ದರೆ ಓಡಿಸಿಯೇ ಬಿಡುತ್ತಿದ್ದಳು. ಬೇಗ ಮುಗಿದರೆ ಸುರುಳಿಗಳ ಹಿಂದೆ ಹೋಗಿ ಬೀಳಬಹುದು ಎಂಬುದೊಂದೇ ಆಗ ತಲೆಯಲ್ಲಿರುತ್ತಿತ್ತು. ಇಂದು ತಲೆ ತೊಳೆದಿಟ್ಟ ತಟ್ಟೆಯಂತಿತ್ತು. ಅವಳು ಟೇಬಲ್ಲಿನ ಮೂಲೆಗೆ ಹೋಗಿ, ಪುಸ್ತಕದ ಹಾಳೆ ಬಿಡಿಸುವ ಹಾಗೆ ಪದರಗಳ ಮೂಲೆಯನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಬಿಡುತ್ತಾ ಬಂದಳು. ನೀಲಿಯ ಬಲಕ್ಕೆ ಕೆಂಪು. ನೀಲಿಯ ಬಲಕ್ಕೆ ಕೆಂಪು. ಇಪ್ಪತ್ತು, ಇಪ್ಪತ್ತೊಂದು. ಬೆರಳು ನಿಂತಿತು.

"ಇಲ್ಲಿ ಸುರುಳಿ ಮುಗಿದು ಎರಡನೇದು ಹಾಕಿದ್ರಾ?"

"ಹೌದಕ್ಕಾ," ಎಂದ ಹೊಸ ಮಾಸ್ಟರ್.

"ಅದನ್ನ ಉಲ್ಟಾ ಕಡೆಯಿಂದ ಏರಿಸಿದೀರಪ್ಪ. ಬಂದು ನೋಡು. ಇಲ್ಲೀವರೆಗೂ ನೀಲಿ ಬಲಕ್ಕೆ ಕೆಂಪಿದೆ. ಇಲ್ಲಿಂದ ಕೆಳಗೆ ಎಲ್ಲಾ ಎಡಕ್ಕಿದೆ. ಮೇಲಿನ ಪಟ್ಟೆ ನೋಡಿ ಗುರುತು ಹಾಕಿ ಕತ್ತರಿಸಿದ್ರೆ, ಕೆಳಗಿನ ಮೂವತ್ತೊಂಬತ್ತರಲ್ಲಿ ಒಂದು ಜೇಬೂ ಕೂಡಲ್ಲ."

ಅವನು ಬಗ್ಗಿ ನೋಡಿದ. ಕಿವಿ ಕೆಂಪಗಾಯಿತು. ಮಾಲೀಕ ಬಗ್ಗಿ ನೋಡಿದ, ಪದರದ ಮೂಲೆ ಎತ್ತಿ ಇನ್ನೊಮ್ಮೆ ನೋಡಿದ. ಕನ್ನಡಕದವಳು ಮೂರನೇ ಸಾಲಿನಿಂದ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಏನಂದ್ಕೊಂಡಿದ್ರಿ ನಮ್ಮಕ್ಕನ್ನ!" ಎಂದಳು.

"ಸುಮ್ನಿರೇ," ಎಂದಳು ಕತ್ತರಿಯಕ್ಕ. ಒಳಗೊಳಗೆ ಹಿಗ್ಗಿ ಹೀರೇಕಾಯಿಯಾಗಿದ್ದಳು. ಹೊಸ ಮಾಸ್ಟರನ ಬೆನ್ನು ತಟ್ಟಿ, "ಎಲ್ಲರಿಗೂ ಆಗುತ್ತಪ್ಪ. ನಾನು ನೂರಿಪ್ಪತ್ತು ಎಡಗಡೆ ಕತ್ತರಿಸಿದೋಳು. ತೆಗಿ, ಮತ್ತೆ ಹಾಸೋಣ," ಎಂದಳು. ಮಧ್ಯಾಹ್ನದೊಳಗೆ ಅರವತ್ತೂ ಪದರ ಒಂದೇ ದಿಕ್ಕಿಗೆ ಬಿದ್ದವು. ಸಂಜೆಗೆ ಮೊದಲ ಕೋಟು ಹೊಲಿದು ಬಂತು. ಎದೆಯ ಮೇಲಿನ ನೀಲಿ ಪಟ್ಟೆ ಜೇಬಿನೊಳಗೆ ಇಳಿದು ಮತ್ತೆ ಕೆಳಗೆ ಹೊರಬಂದದ್ದು ಗೊತ್ತೇ ಆಗುತ್ತಿರಲಿಲ್ಲ. ಜೇಬು ಎಲ್ಲಿದೆ ಎಂದು ಮಾಲೀಕ ಬೆರಳಾಡಿಸಿ ಹುಡುಕಿದ. ದಾರದ ಕಡೆಯ ಮಾತನ್ನು ಆಮೇಲೆ ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಹೊಸ ಮಾಸ್ಟರ್ ಮರುದಿನದಿಂದ ಅವಳ ಎದುರುಗಡೆ ನಿಂತು ಕೆಲಸ ಮಾಡತೊಡಗಿದ.

ಇನ್ನು ಮುಂದಿನದು ಅವಳು ಕಣ್ಣಾರೆ ಕಂಡದ್ದಲ್ಲ. ಆಮೇಲೆ ಅತ್ತೆ ಹೇಳಿ, ಗಂಡ ಅದಕ್ಕೆ ಉಪ್ಪುಖಾರ ಹಚ್ಚಿ, ಹೀಗೆ ಕಿವಿಗೆ ಬಿದ್ದದ್ದು.

ಅದರ ಮುಂದಿನ ಭಾನುವಾರ, ಬೆಳಿಗ್ಗೆ ಆರು ಗಂಟೆಗೆ ಮಾಲೀಕ ಮನೆ ಬಾಗಿಲಿಗೆ ಬಂದ. ಕೋಟು ನೋಡಿ ಮೆಚ್ಚಿದ ಹೋಟೆಲಿನವರು ಇನ್ನೊಂದು ಬಟ್ಟೆ ಕಳಿಸಿದ್ದರು, ಈ ಸಲ ಚೌಕಳಿ. ಆಗುತ್ತದೋ ಇಲ್ಲವೋ ಎಂದು ಬೆಳಿಗ್ಗೆ ಎಂಟರೊಳಗೆ ಹೇಳಬೇಕು. ಅಕ್ಕನನ್ನು ಕೇಳದೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಬಾಗಿಲು ತೆಗೆದವರು ಅತ್ತೆ.

"ಅಕ್ಕ ಇದಾರಾ ಅಮ್ಮಾ? ಸ್ವಲ್ಪ ಅರ್ಜೆಂಟಿತ್ತು."

"ಇದಾಳೆ. ಮಲಗಿದಾಳೆ."

"ಒಂದೇ ನಿಮಿಷ, ಎಬ್ಬಿಸಿದ್ರೆ..."

ಅತ್ತೆ ಹೊಸ್ತಿಲಿಗೆ ಅಡ್ಡವಾಗಿ ನಿಂತು, ಬಾಗಿಲನ್ನು ಬೆನ್ನ ಹಿಂದೆ ಸದ್ದಿಲ್ಲದೆ ಮುಂದಕ್ಕೆ ಹಾಕಿದರು. "ಏಳೋದು ಆರೂವರೆಗೆ. ಅಲ್ಲೀವರೆಗೂ ದೇಶ ಆಳೋರು ಬಂದ್ರೂ ಎಬ್ಬಿಸಲ್ಲ. ಕೂತ್ಕೋ. ಮೆಲ್ಲಗೆ ಮಾತಾಡು."

ಅಷ್ಟು ದೊಡ್ಡ ಕಾರ್ಖಾನೆಯ ಮಾಲೀಕ ಮೆಟ್ಟಿಲ ಮೇಲೆ ಕುಳಿತ. ಚೌಕಳಿ ಬಟ್ಟೆಯ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಪಕ್ಕದ ಕಿಟಕಿ ತೆರೆದಿತ್ತು. ಅದರಿಂದ ಎರಡು ಗೊರಕೆ ಕೇಳಿಬರುತ್ತಿದ್ದವು, ಒಂದು ದಪ್ಪ, ಒಂದು ಸಣ್ಣ.

"ಸಣ್ಣದು ನನ್ನ ಸೊಸೇದು," ಎಂದರು ಅತ್ತೆ.

ಮಾಲೀಕ ತಲೆಯಾಡಿಸಿದ. ಗಂಟಲಿಗೆ ಬಂದ ಕೆಮ್ಮನ್ನು ನುಂಗಿಕೊಂಡು, ಕಾಯುತ್ತಾ ಕುಳಿತ.